‘ಅಜ್ಜಿ ಅನ್ನ ಹೊಲಿದಳು’: ಅರ್ಥದ ಅಲೆಯನ್ನು ಅರಸಿದ ನನ್ನ ಅನುಭವ

ಓದುತ್ತಿರುವ ವಾಕ್ಯಕ್ಕೆ ಹೊಂದದ ಪದವೊಂದು ಎದುರಾದರೆ, ಅದು ಕಣ್ಣಿಗೆ ಬಿದ್ದ ಸುಮಾರು 400 ಮಿಲಿಸೆಕೆಂಡುಗಳಿಗೆ ನೆತ್ತಿಯ ಭಾಗದಲ್ಲಿ ಮಿದುಳಿನ ಋಣ ವಿದ್ಯುತ್ತಿನ ಅಲೆಯೊಂದು ದೊಡ್ಡದಾಗಿ ಏಳುತ್ತದೆ ಎಂಬುದನ್ನು ವಿಜ್ಞಾನಿಗಳಾದ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ 1980ರಲ್ಲಿ ತೋರಿಸಿಕೊಟ್ಟರು. ಎನ್400 ಎಂಬ ಈ ಅಲೆಯನ್ನು ಕನ್ನಡದಲ್ಲಿ ಕಾಣಬೇಕೆಂದು ಮಂಗಳೂರಿನ ಪುಟ್ಟ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕೆ ಕುಳಿತಾಗ, ಮಿದುಳಿನ ವಿದ್ಯುತ್ತನ್ನು ತಲೆಯ ಮೇಲಿನಿಂದ ಅಳೆಯುವ ಇಇಜಿ ಯಂತ್ರಕ್ಕಿಂತ ವಾಕ್ಯಗಳೇ ನನ್ನನ್ನು ಹೆಚ್ಚು ಕಾಡಿದವು.

ಮೊದಲು ನಾನು ನಾಮಪದವನ್ನೇ ಬದಲಿಸಿದ್ದೆ. ‘ಮೀನುಗಾರರು ಕಡಲಿಗೆ ಬಲೆ ಬೀಸಿದರು’ ಎಂಬಲ್ಲಿ ಬಲೆಯ ಜಾಗಕ್ಕೆ ‘ದಿಂಬು’ ಬಂದಿತ್ತು. ಆದರೆ ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ದಿಂಬಿನವರೆಗೆ ಓದಿದವನಿಗೆ ವಾಕ್ಯ ಇನ್ನೂ ಕೆಟ್ಟಿರುವುದಿಲ್ಲ. ಮುಂದೆ ‘ಎಸೆದರು’ ಎಂದು ಬಂದರೆ, ವಿಚಿತ್ರವೆನಿಸಿದರೂ ಅರ್ಥ ಕೂಡಿಕೊಳ್ಳುತ್ತದೆ. ಹಾಗಾಗಿ ಎಲ್ಲವನ್ನೂ ಅಳಿಸಿ ಕ್ರಿಯಾಪದದ ಮೇಲೆ ಹೊಸದಾಗಿ ಕಟ್ಟಿದೆ: ‘ಅಜ್ಜಿ ಒಲೆಯ ಮೇಲೆ ಅನ್ನ ಬೇಯಿಸಿದಳು’, ‘ಅಜ್ಜಿ ಒಲೆಯ ಮೇಲೆ ಅನ್ನ ಹೊಲಿದಳು’. ಪದದ ಉದ್ದ, ಬಳಕೆಗಳಿಂದ ಹುಟ್ಟುವ ವ್ಯತ್ಯಾಸ ಲೆಕ್ಕಕ್ಕೆ ಬಾರದಿರಲೆಂದು ಅದೇ ‘ಹೊಲಿದಳು’ ಇನ್ನೊಂದು ಕಡೆ ‘ಅಕ್ಕ ರವಿಕೆ ಹೊಲಿದಳು’ ಎಂದು ತನ್ನ ಸಹಜ ಜಾಗದಲ್ಲಿಯೂ ಬರುವಂತೆ ಮಾಡಿದೆ. ವಾಕ್ಯದ ಕಡೆಯ ಪದದಲ್ಲಿ ಮಿದುಳು ಇಡೀ ವಾಕ್ಯವನ್ನು ಒಟ್ಟುಗೂಡಿಸುವ ಕೆಲಸವೂ ನಡೆಯುವುದರಿಂದ, ಎಲ್ಲದಕ್ಕೂ ‘ಎಂದು ಅಮ್ಮ ಹೇಳಿದಳು’ ಎಂಬಂಥ ಬಾಲ ಸೇರಿಸಬೇಕಾಯಿತು.

ಎನ್400 ತಪ್ಪನ್ನು ಸಾರುವ ಗಂಟೆಯಲ್ಲ. ಅರ್ಥವುಳ್ಳ ಪ್ರತಿ ಪದಕ್ಕೂ ಅದು ಏಳುತ್ತದೆ. ಪದ ಎಷ್ಟು ನಿರೀಕ್ಷಿತವೋ ಅಲೆ ಅಷ್ಟು ಚಿಕ್ಕದಾಗುತ್ತದೆ. ಆದ್ದರಿಂದ ಓದುಗರ ನಿರೀಕ್ಷೆಯನ್ನು ಮೊದಲೇ ಅಳೆಯಬೇಕು. ‘ಅಮ್ಮ ಕಾವಲಿಯ ಮೇಲೆ ದೋಸೆ…’ ಎಂದು ಬರೆದು ಬೇರೊಂದು ಗುಂಪಿನ ವಿದ್ಯಾರ್ಥಿಗಳಿಂದ ಪೂರ್ತಿ ಮಾಡಿಸಿದಾಗ ಎರೆದಳು, ಹೊಯ್ದಳು, ಹಾಕಿದಳು, ಸುಟ್ಟಳು, ಮಾಡಿದಳು ಎಂದು ಉತ್ತರಗಳು ಚದುರಿಹೋದವು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುತ್ತ ಶಾಲೆಯಲ್ಲಿ ಕನ್ನಡ ಕಲಿತವರ ಊರಿದು. ನನಗೆ ಸಹಜವೆನಿಸಿದ ಪದ ಎಲ್ಲರಿಗೂ ಸಹಜವಾಗಬೇಕಿಲ್ಲ. ಇಷ್ಟದ ವಾಕ್ಯವಾಗಿದ್ದರೂ ಅದನ್ನು ಕೈಬಿಟ್ಟೆ.

ದಾಖಲೆ ಮಾಡುವಾಗಿನ ಕಷ್ಟ ಕರಾವಳಿಯದೇ. ತಲೆಗೆ ತೆಂಗಿನೆಣ್ಣೆ ಹಚ್ಚಿ ಬಂದವರ ನೆತ್ತಿಯಲ್ಲಿ, ವಿದ್ಯುತ್ತನ್ನು ಹಿಡಿಯುವ ಎಲೆಕ್ಟ್ರೋಡಿನ ಸಂಪರ್ಕ ಸರಿಯಾಗಿ ಕೂರುವುದಿಲ್ಲ. ಮುಂದೆ ಶ್ಯಾಂಪೂ ಹಾಕಿ ಮಿಂದು ಬರಲು ಹಿಂದಿನ ದಿನವೇ ಹೇಳತೊಡಗಿದೆ. ಆಮೇಲೂ ಕೂದಲನ್ನು ಎಳೆಎಳೆಯಾಗಿ ಸರಿಸಿ, ಜೆಲ್ ತುಂಬಿ, ಎಲೆಕ್ಟ್ರೋಡಿಗೂ ಚರ್ಮಕ್ಕೂ ನಡುವಿನ ವಿದ್ಯುತ್ ರೋಧ 5 ಕಿಲೋ ಓಮ್‌ಗಿಂತ ಕೆಳಗಿಳಿಯುವವರೆಗೆ ತಾಳ್ಮೆಯಿಂದ ಕಾಯಬೇಕು. ಬೆವರಿದರೆ ಪರದೆಯ ಮೇಲಿನ ಅಲೆಯ ಗೆರೆಗಳು ನಿಧಾನವಾಗಿ ತೇಲುತ್ತವೆ. ಕಣ್ಣು ಮಿಟುಕಿಸಿದರೆ ನೂರು ಮೈಕ್ರೋವೋಲ್ಟ್‌ಗೂ ಮೀರಿ ಜಿಗಿಯುತ್ತವೆ. ನಾವು ಹುಡುಕುವುದು ಕೆಲವೇ ಮೈಕ್ರೋವೋಲ್ಟ್‌ಗಳ ವ್ಯತ್ಯಾಸವನ್ನು. ಒಂದೇ ವಾಕ್ಯದಲ್ಲಿ ಅದು ಕಣ್ಣಿಗೆ ಕಾಣದು, ಹತ್ತಾರು ವಾಕ್ಯಗಳ ಸರಾಸರಿ ಬೇಕು.

ಆ ಸರಾಸರಿ ಮೊದಲ ಸಲ ಪರದೆಯ ಮೇಲೆ ಮೂಡಿದ ಸಂಜೆ ನಾನು ಬಹಳ ಹೊತ್ತು ಕುರ್ಚಿಯಿಂದ ಏಳಲಿಲ್ಲ. ಪದ ಹೊಂದಿದ ವಾಕ್ಯಗಳ ಗೆರೆಯೂ ಹೊಂದದ ವಾಕ್ಯಗಳ ಗೆರೆಯೂ ಮೊದಲು ಒಂದರ ಮೇಲೊಂದು ಸಾಗಿ, 300 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬೇರೆಯಾಗಿ, 400ರ ಬಳಿ ಅತಿ ದೂರ ನಿಂತು, ಮತ್ತೆ ನಿಧಾನವಾಗಿ ಹತ್ತಿರ ಬಂದವು.