ಅಪ್ಪ-ಅಮ್ಮ ವಾಕಿಂಗ್ ಹೊರಡುವ ಮುನ್ನ

ಅಲಬಾಮಾಕ್ಕೆ ಹೊಸದಾಗಿ ಬಂದವರು ಮನೆ, ಕಾರು, ಲೈಸೆನ್ಸ್ ಬಗ್ಗೆ ಕೇಳುತ್ತೀರಿ. ಅವೆಲ್ಲ ಹೇಗೋ ಆಗುತ್ತವೆ. ಬಾಣಂತನಕ್ಕೆಂದು ಊರಿನಿಂದ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವ ಮೊದಲು ಇದನ್ನು ತಿಳಿದುಕೊಳ್ಳಿ.

2015ರ ಫೆಬ್ರವರಿ 6ರ ಬೆಳಿಗ್ಗೆ, ಹಂಟ್ಸ್‌ವಿಲ್ ಪಕ್ಕದ ಮ್ಯಾಡಿಸನ್‌ನಲ್ಲಿ 57 ವರ್ಷದ ಸುರೇಶ್‌ಭಾಯ್ ಪಟೇಲ್ ಮಗನ ಮನೆಯಿಂದ ವಾಕಿಂಗ್ ಹೊರಟಿದ್ದರು. ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದು ಕೆಲವೇ ದಿನವಾಗಿತ್ತು. ಸಣಕಲು ಕಪ್ಪು ಮನುಷ್ಯನೊಬ್ಬ ಅಡ್ಡಾಡುತ್ತಿದ್ದಾನೆ ಎಂದು ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಇಂಗ್ಲಿಷ್ ಬರುವುದಿಲ್ಲ, ಇಂಡಿಯನ್ ಎಂದು ಆ ಹಿರಿಯರು ಹೇಳಿಕೊಂಡರು. ಅಧಿಕಾರಿಯೊಬ್ಬ ಅವರ ಕೈ ಹಿಂದಕ್ಕೆ ಹಿಡಿದು ಮುಖ ಅಡಿಯಾಗಿ ನೆಲಕ್ಕೆ ಕೆಡವಿದ. ಕುತ್ತಿಗೆಗೆ ಪೆಟ್ಟು ಬಿದ್ದು ಕೈಕಾಲಿನ ಸ್ವಾಧೀನವೇ ಕುಂದಿತು. ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ಇದು ದಾಖಲಾಗಿದೆ.

ಹಿರಿಯರ ನಾಗರಿಕ ಹಕ್ಕು ಕಿತ್ತುಕೊಂಡ ಎಂದು ಆ ಅಧಿಕಾರಿಯ ಮೇಲೆ ಕ್ರಿಮಿನಲ್ ಕೇಸು ಹಾಕಲಾಯಿತು. ಅಷ್ಟಿದ್ದೂ ಆ ವರ್ಷ ಎರಡು ಸಲ ನಡೆದ ವಿಚಾರಣೆಯಲ್ಲಿ ಜ್ಯೂರಿ, ಅಂದರೆ ತೀರ್ಪು ಕೊಡುವ ಸಾಮಾನ್ಯ ಜನರ ತಂಡ, ಒಮ್ಮತಕ್ಕೆ ಬರಲಿಲ್ಲ. 2016ರ ಜನವರಿಯಲ್ಲಿ ಫೆಡರಲ್ ನ್ಯಾಯಾಧೀಶೆ ಮ್ಯಾಡಲೈನ್ ಹೈಕಾಲಾ ಅಧಿಕಾರಿಯನ್ನು ಖುಲಾಸೆ ಮಾಡಿದರು. ಬೇಕೆಂದೇ ಹಕ್ಕು ಕಿತ್ತುಕೊಂಡ ಎಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಇಂಥ ಕೇಸುಗಳು ಸೋಲುವುದು ಹೆಚ್ಚಾಗಿ ಅಲ್ಲಿಯೇ. ಸಿವಿಲ್ ದಾವೆಗೆ ಅಷ್ಟು ಬಿಗಿ ಇಲ್ಲ. ಪಟೇಲರು ಹೂಡಿದ್ದ ಸಿವಿಲ್ ದಾವೆ 2021ರಲ್ಲಿ 17.5 ಲಕ್ಷ ಡಾಲರ್‌ಗೆ ರಾಜಿಯಾಯಿತು. ಖುಲಾಸೆಯಾಯಿತೆಂದು ಸುಮ್ಮನಾಗಬೇಡಿ ಎಂದು ನಾನು ಹೇಳುವುದು ಅದಕ್ಕೇ.

ನಮ್ಮವರು ಸೇರಿದಾಗ "ಪಾಪ, ಕಪ್ಪು ಜನ ಅಂದ್ಕೊಂಡ್ಬಿಟ್ರು" ಎನ್ನುವುದನ್ನು ಕೇಳಿದ್ದೇನೆ. ಹೊಟ್ಟೆ ಉರಿಯುತ್ತದೆ. ಕಪ್ಪು ಜನರೇ ಆಗಿದ್ದರೆ ಹಾಗೆ ಕೆಡವಬಹುದಿತ್ತೇ? ಅವರು ತಲೆಮಾರುಗಳಿಂದ ಉಣ್ಣುತ್ತಿರುವ ನೋವು ಅಂದು ನಮ್ಮವರೊಬ್ಬರ ಮೈಮೇಲೂ ಬಿತ್ತು. ನ್ಯಾಯ ಕೇಳುವುದಾದರೆ ಇಬ್ಬರಿಗೂ ಸೇರಿಸಿ ಕೇಳಿ.

ನನ್ನ ಅಮ್ಮ ಬಂದಾಗ ವಿಳಾಸ, ನನ್ನ ನಂಬರ್, "ಕನ್ನಡ ಮಾತ್ರ ಬರುತ್ತದೆ" ಎಂದು ಇಂಗ್ಲಿಷಿನಲ್ಲಿ ಬರೆದ ಕಾರ್ಡನ್ನು ಸ್ವೆಟರ್ ಜೇಬಿಗೆ ಹಾಕಿದ್ದೆ. ಆಮೇಲೆ ಹೊಳೆಯಿತು, ಪೊಲೀಸರ ಮುಂದೆ ಜೇಬಿಗೆ ಕೈ ಹಾಕುವುದೇ ಅಪಾಯ. ಕೊರಳಿಗೆ ತೂಗುಹಾಕಿದೆ. ಕೈ ಕಾಣುವಂತಿರಲಿ, ತಿರುಗಿ ಹೊರಡಬೇಡ ಎಂದು ಮನೆಯೊಳಗೇ ನಿಂತು ಅಭ್ಯಾಸ ಮಾಡಿಸಿದೆ.

ಏನಾದರೂ ನಡೆದರೆ ಸಮಯ, ಜಾಗ, ಬ್ಯಾಡ್ಜ್ ನಂಬರ್ ಅಂದೇ ಬರೆದಿಡಿ. ದೂರು ಲಿಖಿತವಾಗಿರಲಿ, ವಿಡಿಯೋ ಉಳಿಸಿಡುವಂತೆ ಪೊಲೀಸರಿಗೆ ಬೇಗನೆ ಪತ್ರ ಕೊಡಿ. ಸಿಟಿ ಕೌನ್ಸಿಲ್ ಸಭೆಯಲ್ಲಿ ಸಾರ್ವಜನಿಕರಿಗೆ ಮಾತನಾಡಲು ಕೆಲವು ನಿಮಿಷ ಸಿಗುತ್ತದೆ, ಅದಕ್ಕೆ ಪೌರತ್ವ ಬೇಡ. ವೀಸಾದಲ್ಲಿರುವವರು ಮೆರವಣಿಗೆಗೆ ಹೋಗುವ ಮುಂಚೆ ವಕೀಲರನ್ನು ಕೇಳಿ, ಬಂಧನವಾದರೆ ವೀಸಾಗೆ ತೊಡಕು. ಕಪ್ಪು ನೆರೆಯವರು ಕರೆದ ಸಭೆಗೆ ಹೋಗಿ ಮೊದಲು ಕೇಳಿಸಿಕೊಳ್ಳಿ. ಈ ದಾರಿ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.