ಅಮೆರಿಕದಲ್ಲಿ ಉಣುಗು ಕಚ್ಚಿತ್ತಾ? ಲೈಮ್ ಟೆಸ್ಟ್ ರಿಪೋರ್ಟ್ ಓದುವುದು ಹೀಗೆ

ಪುಣೆ ಹಿಂಜವಡಿಯ ನಮ್ಮ ಕನ್ನಡದವರಲ್ಲಿ ಕನೆಕ್ಟಿಕಟ್, ನ್ಯೂಜೆರ್ಸಿ ಕಡೆ ಆನ್‌ಸೈಟ್ ಹೋಗಿ, ವಾರಾಂತ್ಯಕ್ಕೆ ಕಾಡು ಸುತ್ತಿ ಬರುವವರು ಇದ್ದೇ ಇರುತ್ತಾರೆ. ಉಣುಗು ಕಚ್ಚಿದ ನಾಲ್ಕೇ ದಿನಕ್ಕೆ ಪುಣೆಗೆ ಬಂದಿಳಿದು, ಗಾಬರಿಯಲ್ಲಿ, ಉಣುಗಿನಿಂದ ಹರಡುವ ಲೈಮ್ ಕಾಯಿಲೆಯ ಟೆಸ್ಟಿಗೆ ರಕ್ತ ಕೊಟ್ಟು, ನೆಗೆಟಿವ್ ಬಂತು ಅಂತ ಸುಮ್ನೆ ಕೂರಬೇಡಿ.

ಮೊದಲು ಕಚ್ಚಿದ ದಿನದಿಂದ ಲೆಕ್ಕ ಹಾಕಿ. ಈ ಟೆಸ್ಟ್ ಹುಡುಕುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ನಮ್ಮ ದೇಹ ಮಾಡುವ ಆಂಟಿಬಾಡಿಯನ್ನು. ಅದು ರಕ್ತದಲ್ಲಿ ಕಾಣಿಸಿಕೊಳ್ಳಲು ಕೆಲವು ವಾರ ಬೇಕು. ಅಷ್ಟರಲ್ಲಿ ಲೈಮ್ ತರುವ ಬ್ಯಾಕ್ಟೀರಿಯಾ, ಬೊರೇಲಿಯಾ, ಸುಮ್ಮನಿರುವುದಿಲ್ಲ. ಉಣುಗಿನ ಜೊಲ್ಲಿನಲ್ಲಿರುವ ಸಾಲ್ಪ್15 ಎಂಬ ಪ್ರೋಟೀನನ್ನು ಮೈಗೆ ಅಂಟಿಸಿಕೊಂಡೇ ಚರ್ಮದೊಳಗೆ ಇಳಿಯುತ್ತದೆ. ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನ್ ಪಡೆ ಇದೆ, ಬ್ಯಾಕ್ಟೀರಿಯಾಕ್ಕೆ ತೂತು ಕೊರೆದು ಕೊಲ್ಲುವುದು ಅದರ ಕೆಲಸ. ಆ ಪಡೆ ನಮ್ಮದೇ ಜೀವಕೋಶಗಳ ಮೇಲೆ ಬೀಳದಂತೆ ತಡೆಯುವುದು ಫ್ಯಾಕ್ಟರ್ ಎಚ್ ಎಂಬ ಇನ್ನೊಂದು ಪ್ರೋಟೀನ್. ಬೊರೇಲಿಯಾ ಅದನ್ನೇ ಹಿಡಿದು ಮೈಮೇಲೆ ಹಾಕಿಕೊಂಡು ಬಚಾವಾಗುತ್ತದೆ! ಕೊನೆಗೆ ಆಂಟಿಬಾಡಿ ಬಂತು ಅನ್ನುವಷ್ಟರಲ್ಲಿ ವಿಎಲ್‌ಎಸ್‌ಇ ಎಂಬ ಬೊರೇಲಿಯಾದ ಹೊರಮೈಯ ಪ್ರೋಟೀನ್ ವೇಷ ಬದಲಿಸುತ್ತಲೇ ಇರುತ್ತದೆ. ಲ್ಯಾಬ್‌ಗಳಲ್ಲಿ ಹೆಚ್ಚು ಬಳಸುವ ಬಿ31 ತಳಿಯಲ್ಲಿ ಆ ಜೀನ್ ಪಕ್ಕದಲ್ಲೇ 15 ಬಿಡಿ ತುಂಡುಗಳಿವೆ, ಅವುಗಳಿಂದ ಚೂರುಚೂರು ಎತ್ತಿ ಸೇರಿಸಿಕೊಂಡರೆ ಹಳೆಯ ರೂಪಕ್ಕೆ ಮಾಡಿದ ಆಂಟಿಬಾಡಿ ಹೊಸದನ್ನು ಗುರುತು ಹಿಡಿಯುವುದಿಲ್ಲ. ಅದೇ ಪ್ರೋಟೀನಿನ ಒಳಗೆ ಬದಲಾಗದ ಒಂದು ತುಣುಕು ಉಳಿದಿದೆ, ಸಿ6 ಎಂಬ ಲೈಮ್ ಟೆಸ್ಟ್ ನಂಬಿರುವುದು ಅದನ್ನೇ.

ಹಾಗಾಗಿ ಬೇಗ ಮಾಡಿಸಿದ ಟೆಸ್ಟ್ ನೆಗೆಟಿವ್ ಬಂದರೆ, ಡಾಕ್ಟರನ್ನು ಕೇಳಿ ಕೆಲವು ವಾರ ಬಿಟ್ಟು ಇನ್ನೊಮ್ಮೆ ಮಾಡಿಸಿ. ಆದರೆ 3ರಿಂದ 30 ದಿನದೊಳಗೆ ಚರ್ಮದ ಮೇಲೆ ಹರಡುತ್ತಾ ಹೋಗುವ ಕೆಂಪು ಕಲೆ ಕಂಡರೆ ಟೆಸ್ಟಿಗೆ ಕಾಯಬೇಡಿ. ಫೋಟೋ ತೆಗೆದಿಟ್ಟುಕೊಂಡು, ಎಲ್ಲಿ ಕಚ್ಚಿತು ಅಂತ ಊರಿನ ಹೆಸರು ಸಮೇತ ಡಾಕ್ಟರಿಗೆ ಹೇಳಿ. ಇಲ್ಲಿ ಲೈಮ್ ಅಪರೂಪ, ನೀವಾಗಿಯೇ ಹೇಳದಿದ್ದರೆ ಅವರಿಗೆ ಹೊಳೆಯದೇ ಇರಬಹುದು. ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯೋಟಿಕ್ ಡಾಕ್ಸಿಸೈಕ್ಲಿನ್ ಬೇಗ ಶುರುವಾದಷ್ಟೂ ಒಳ್ಳೆಯದು. ಚಿಕಿತ್ಸೆ ಮುಗಿದ ಮೇಲೆ ವರ್ಷಗಟ್ಟಲೆ ಪಾಸಿಟಿವ್ ಬರುತ್ತಿದ್ದರೆ ಹೆದರಬೇಡಿ, ಉಳಿದಿರುವುದು ಆಂಟಿಬಾಡಿ ಅಷ್ಟೇ.

ಕಚ್ಚಿದ್ದು ಗೋವಾದ ಸತ್ತರಿಯಲ್ಲೋ, ರಜೆಗೆ ಹೋದ ಮಲೆನಾಡಿನ ಊರಲ್ಲೋ? ಹಾಗಿದ್ದರೆ ಲೈಮ್ ಬಿಡಿ, ಜ್ವರ ಬಂದರೆ ಮಂಗನ ಕಾಯಿಲೆ ಇರಬಹುದಾ ಅಂತ ಕೇಳಿ. ಅದು ವೈರಸ್, 1957ರಲ್ಲಿ ಅದನ್ನು ಗುರುತಿಸಿದ್ದು ಇದೇ ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಅದಕ್ಕೆ ಡಾಕ್ಸಿಸೈಕ್ಲಿನ್ ನಾಟುವುದಿಲ್ಲ.