ಎರಡು ನಿಮಿಷದ ಓಪನಿಂಗ್‌ಗೆ ಒಂದು ಟೈಲರ್ ಅಂಗಡಿ: ನಾವು ಶೂಟ್ ಮಾಡಿದ ಬಗೆ

ಕಿರುಚಿತ್ರದ ಮೊದಲ ಎರಡು ನಿಮಿಷ ಮಾತ್ರ ಮಾಡಿ ತನ್ನಿ ಅಂತ ಕಾಲೇಜಿನಲ್ಲಿ ನಮಗೆ ಪ್ರಾಜೆಕ್ಟ್ ಕೊಟ್ಟಿದ್ದರು. ಪೂರ್ತಿ ಸಿನಿಮಾ ಬೇಡ, ಬರೀ ಓಪನಿಂಗ್. ನೋಡಿದವರು "ಆಮೇಲೆ?" ಅಂತ ಕೇಳಬೇಕು, ಅಷ್ಟೇ. ಕೇಳೋಕೆ ಸುಲಭ. ಮಾಡೋಕೆ ಕೂತಾಗ ಗೊತ್ತಾಗುತ್ತೆ, ಎರಡು ನಿಮಿಷದಲ್ಲಿ ಎಲ್ಲವನ್ನೂ ಹೇಳಿಬಿಡೋ ಆಸೆ ಎಷ್ಟು ಜೋರಾಗಿರುತ್ತೆ ಅಂತ. ಯಾವುದನ್ನು ಇನ್ನೂ ಹೇಳಬಾರದು ಅಂತ ಮೊದಲೇ ಗಟ್ಟಿ ಮಾಡಿಕೊಂಡರೆ ಉಳಿದ ಕೆಲಸಕ್ಕೆಲ್ಲ ಒಂದು ದಾರಿ ಸಿಗುತ್ತೆ. ಲೈಟು, ಸೌಂಡು, ಕ್ಯಾಮೆರಾ ಎಲ್ಲಿಡಬೇಕು ಅನ್ನೋದು, ಎಲ್ಲ ಅದರ ಹಿಂದೆಯೇ ಬರುತ್ತೆ.

ನಮ್ಮ ಕಥೆ ಚಿಕ್ಕದು. ಹೊಲಿಯೋಕೆ ಕೊಟ್ಟ ಒಂದು ಅಂಗಿಯನ್ನು ವರ್ಷಗಟ್ಟಲೆ ಯಾರೂ ಬಂದು ಒಯ್ದಿಲ್ಲ. ಒಂದು ಬೆಳಿಗ್ಗೆ ಟೈಲರ್ ಅಂಗಡಿ ತೆಗೆಯುತ್ತಿದ್ದ ಹಾಗೇ ಯಾರೋ ಹಳೇ ರಸೀದಿ ಹಿಡಿದು ಬಂದು ನಿಲ್ಲುತ್ತಾರೆ. ಬಂದವರು ಯಾರು ಅನ್ನೋದೊಂದೇ ಪ್ರಶ್ನೆ. ಹಾಗಾಗಿ ಅವರ ಮುಖ ತೋರಿಸಬಾರದು, ದನಿ ಕೇಳಿಸಬಾರದು ಅಂತ ಸ್ಕ್ರಿಪ್ಟಿನ ಮೇಲೆಯೇ ಕೆಂಪು ಪೆನ್ನಿನಲ್ಲಿ ಬರೆದುಕೊಂಡೆವು.

ಮೊದಲ ಬರಹದಲ್ಲಿ ಆ ವ್ಯಕ್ತಿ ಮೆಟ್ರೋ ಇಳಿದು ಬರುವ ದೃಶ್ಯವಿತ್ತು. ಆಮೇಲೆ ಕಬ್ಬನ್ ಪಾರ್ಕ್ ದಾಟುವುದೂ ಇತ್ತು. ಮೆಟ್ರೋ ಒಳಗೆ ಶೂಟ್ ಮಾಡೋಕೆ ಅದನ್ನು ನಡೆಸುವ ಬಿಎಂಆರ್‌ಸಿಎಲ್ ಅನುಮತಿ ಬೇಕು, ಪಾರ್ಕ್ ತೋಟಗಾರಿಕೆ ಇಲಾಖೆಯದ್ದು, ಅಲ್ಲೂ ಅನುಮತಿ ಬೇಕು. ಅದಕ್ಕೂ ಮುಖ್ಯವಾಗಿ, ಇವೆರಡೂ "ಇದು ಬೆಂಗಳೂರು" ಅನ್ನೋದು ಬಿಟ್ಟರೆ ಕಥೆಗೆ ಏನೂ ಕೊಡುತ್ತಿರಲಿಲ್ಲ. ತೆಗೆದುಹಾಕಿದೆವು. ಎರಡು ನಿಮಿಷಕ್ಕೆ ಒಂದೇ ಜಾಗ ಸಾಕು ಅಂತ ನನಗೆ ಈಗಲೂ ಅನಿಸುತ್ತೆ.

ಆ ಒಂದು ಜಾಗ ಶ್ರೀರಾಮಪುರದಲ್ಲಿ ಸಿಕ್ಕಿತು. ನಮ್ಮ ಕ್ಯಾಮೆರಾ ನೋಡಿಕೊಂಡ ಗೆಳತಿಯ ಸೋದರಮಾವನದ್ದು ಅಲ್ಲಿ ಟೈಲರ್ ಅಂಗಡಿ. ಪೂರ್ವಕ್ಕೆ ಬಾಗಿಲು, ರೋಲಿಂಗ್ ಶಟರ್, ಎರಡು ಮಷೀನು, ಒಂದು ಕಟಿಂಗ್ ಟೇಬಲ್, ಗೋಡೆಗೆ ಉದ್ದನೆಯ ಕನ್ನಡಿ. ಸ್ಟೋರಿಬೋರ್ಡ್, ಅಂದರೆ ಒಂದೊಂದು ಶಾಟ್‌ಗೆ ಒಂದೊಂದು ಚೌಕದ ಚಿತ್ರ, ಬರೆಯೋಕೆ ಮುಂಚೆ ಕ್ಯಾಮೆರಾ ಇಲ್ಲದೆ ಸುಮ್ನೆ ಹೋಗಿ ಕೂತು ಅವರ ಕೆಲಸ ನೋಡಿದೆವು. ಈ ಹಂತವನ್ನು ಯಾರೂ ಬಿಡಬಾರದು ಅಂತ ನನ್ನ ಮಾತು. ನಾವು ಬರೆದಿದ್ದು ಅಂಗಿ ಹ್ಯಾಂಗರ್‌ನಲ್ಲಿ ತೂಗಾಡುತ್ತಿರುತ್ತೆ ಅಂತ. ಅಂಕಲ್ ಅದನ್ನು ಓದಿ ತಲೆ ಅಲ್ಲಾಡಿಸಿದರು.

"ಅಷ್ಟು ವರ್ಷ ಬಿಟ್ಟಿದ್ದನ್ನ ಹ್ಯಾಂಗರ್‌ನಲ್ಲಿ ಯಾರಮ್ಮ ಇಡ್ತಾರೆ? ಮಡಚಿ ಕವರಿಗೆ ಹಾಕಿ ಅಟ್ಟದ ಮೇಲೆ ಹಾಕ್ತೀವಿ. ಎಸೆಯೋಕೆ ಮನಸ್ಸು ಬರಲ್ಲ."

ಎಸೆಯೋಕೆ ಮನಸ್ಸು ಬರಲ್ಲ ಅನ್ನೋ ಮಾತಿನಿಂದ ನಮ್ಮ ದೃಶ್ಯಕ್ಕೆ ಜೀವ ಬಂತು. ಈಗ ಟೈಲರ್ ಸ್ಟೂಲ್ ಹತ್ತಬೇಕು, ಅಟ್ಟ ತಡಕಬೇಕು, ಧೂಳು ಕೊಡವಬೇಕು. ಮಾತಿಲ್ಲದೆ ಅಷ್ಟು ಹೊತ್ತು ನೋಡುವವರನ್ನು ಕಾಯಿಸೋಕೆ ಒಳ್ಳೇ ಕಾರಣ ಸಿಕ್ಕಿತು. ಇನ್ನೊಂದನ್ನೂ ಅವರೇ ತೋರಿಸಿದರು. ಬಟ್ಟೆ ಗುರುತು ಸಿಗಲಿ ಅಂತ ಅದೇ ಬಟ್ಟೆಯ ಒಂದು ತುಣುಕನ್ನು ಬಿಲ್ಲಿಗೆ ಪಿನ್ ಮಾಡುತ್ತಾರೆ. ನಮ್ಮ ಇಡೀ ಓಪನಿಂಗ್ ಆ ತುಣುಕಿನ ಮೇಲೆ ನಿಂತಿದೆ. ರಸೀದಿಯ ಜೊತೆ ಬಂದ ತುಣುಕು ತಿಳಿ ನೀಲಿ. ಕವರಿನಿಂದ ತೆಗೆದ ಅಂಗಿಯೂ ತಿಳಿ ನೀಲಿ, ಆದರೆ ಮಡಿಕೆ ಬಿದ್ದ ಕಡೆಯೆಲ್ಲ ಹಳದಿಗೆ ತಿರುಗಿದೆ. ಟೈಲರ್ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡುತ್ತಾರೆ. ಎಷ್ಟು ವರ್ಷ ಆಯ್ತು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ರಸೀದಿ ಮಾಡೋ ಕೆಲಸವನ್ನು ನಾವು ಪ್ರೀತಿಯಿಂದ ಮಾಡಿದೆವು. ಕಥೆಯಲ್ಲಿ ಅದು 1999ರದ್ದು. ಸುಲ್ತಾನ್‌ಪೇಟೆಯ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ತೆಳು ಗುಲಾಬಿ ಕಾಗದದ ಮೇಲೆ ಅಚ್ಚು ಹಾಕಿಸಿದೆವು. ಇಂಗ್ಲಿಷಿನಲ್ಲಿ ಊರಿನ ಹೆಸರು ಬ್ಯಾಂಗಲೋರ್ ಅಂತಲೇ ಇರಬೇಕು, ಯಾಕಂದ್ರೆ ಅಧಿಕೃತವಾಗಿ ಬೆಂಗಳೂರು ಆಗಿದ್ದು 2014ರ ನವೆಂಬರ್ 1ಕ್ಕೆ. ಹೆಸರಿನ ಮುಂದೆ ಬರೀ 21, ಪೂರ್ತಿ ಪಿನ್‌ಕೋಡ್ ಅಲ್ಲ. ಫೋನ್ ನಂಬರು ಏಳು ಅಂಕಿಯದ್ದು, ಆಗ ಇಲ್ಲಿನ ಲ್ಯಾಂಡ್‌ಲೈನ್‌ಗಳಿಗೆ ಇನ್ನೂ ಮುಂದೆ 2 ಸೇರಿರಲಿಲ್ಲ. ಹೊಲಿಗೆ ಕೂಲಿ ಎಷ್ಟಿತ್ತು ಅಂತ ಅಂಕಲ್‌ನೇ ಕೇಳಿ, ಅವರ ಕೈಯಲ್ಲೇ ಬರೆಸಿದೆವು. ಆಮೇಲೆ ಟೀ ಡಿಕಾಕ್ಷನ್ ಸವರಿ, ಒಣಗಿಸಿ, ನಾಲ್ಕಾಗಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದೆವು. ಪರದೆ ಮೇಲೆ ಅದು ಮೂರು ಸೆಕೆಂಡ್ ಕಾಣುತ್ತೆ. ಆದರೆ ಮುಖ ತೋರಿಸದೆ ಇದ್ದಾಗ ಆ ವ್ಯಕ್ತಿಯ ಬಗ್ಗೆ ಮಾತಾಡೋಕೆ ಉಳಿದಿರುವುದು ಆ ಕಾಗದ ಒಂದೇ ಅಲ್ವಾ?

ಸ್ಟೋರಿಬೋರ್ಡ್‌ಗೆ ಚಿತ್ರ ಬರೆಯೋಕೆ ಬರಬೇಕು ಅಂತಿಲ್ಲ. ಕಡ್ಡಿ ಗೊಂಬೆ ಸಾಕು. ಪ್ರತಿ ಚೌಕದ ಕೆಳಗೆ ನಾವು ಎರಡು ವಿಷಯ ಬರೆದೆವು: ಈ ಶಾಟ್‌ನಲ್ಲಿ ಹೊಸದಾಗಿ ಏನು ಗೊತ್ತಾಗುತ್ತೆ, ಮತ್ತು ಬಿಸಿಲು ಎಲ್ಲಿರಬೇಕು. ಹೊಸದೇನೂ ಗೊತ್ತಾಗದ ಚೌಕಗಳನ್ನು ಅಲ್ಲೇ ಹೊಡೆದುಹಾಕಿದೆವು.

ಕ್ಯಾಮೆರಾ ಟೈಲರ್ ಇರುವ ಕಡೆಯಲ್ಲೇ ಇರಬೇಕು, ಟೇಬಲ್ ದಾಟಿ ಆ ಕಡೆ ಹೋಗಬಾರದು ಅಂತ ತೀರ್ಮಾನ ಮಾಡಿದೆವು. ಒಬ್ಬರಿಂದ ಇನ್ನೊಬ್ಬರಿಗೆ ಒಂದು ಗೆರೆ ಎಳೆದಿದೆ ಅಂದುಕೊಂಡು ಕ್ಯಾಮೆರಾವನ್ನು ಅದರ ಒಂದೇ ಪಕ್ಕದಲ್ಲಿ ಇಡಬೇಕು ಅನ್ನೋ 180 ಡಿಗ್ರಿ ನಿಯಮ ಸಿನಿಮಾ ಕಲಿಯೋರೆಲ್ಲ ಓದಿರುತ್ತಾರೆ. ಆ ಗೆರೆಯನ್ನು ನಾವು ನೆಲದ ಮೇಲೆ ಮಾರ್ಕಿಂಗ್ ಚಾಕ್‌ನಲ್ಲಿ ಎಳೆದೇ ಬಿಟ್ಟೆವು. ನೋಡುವವರು ಟೈಲರ್ ಜೊತೆ ಅಂಗಡಿ ಒಳಗೆ ನಿಂತಿರುತ್ತಾರೆ. ಬಂದವರು ಬಾಗಿಲಲ್ಲಿ, ಅವರ ಬೆನ್ನಿಗೆ ಬಿಸಿಲು. ಹೊರಗಿನ ಬೆಳಕಿಗೆ ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳೋ ಬೆಳಕಿನ ಪ್ರಮಾಣ) ಲಾಕ್ ಮಾಡಿದರೆ ಬಾಗಿಲಲ್ಲಿ ನಿಂತವರು ಬರೀ ಕಪ್ಪು ಆಕಾರ. ಮುಖ ಮುಚ್ಚೋಕೆ ಬೇರೆ ಕಸರತ್ತೇ ಬೇಕಾಗಲಿಲ್ಲ.

ಆದರೆ ಟೈಲರ್ ಕೈ ಕಾಣಬೇಕಲ್ಲ. ನಮ್ಮ ಹತ್ತಿರ ದೊಡ್ಡ ಲೈಟ್ ಇರಲಿಲ್ಲ, ಬಾಡಿಗೆಗೆ ತರೋ ಮನಸ್ಸೂ ಇರಲಿಲ್ಲ. ಆಗ ನೆನಪಾದದ್ದು ಛಾಯಾಗ್ರಾಹಕ ವಿ.ಕೆ. ಮೂರ್ತಿ. ಮೈಸೂರಿನವರು, ನಮ್ಮ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಛಾಯಾಗ್ರಹಣ ಕಲಿತವರು. 1959ರ ಗುರುದತ್ ಚಿತ್ರವೊಂದಕ್ಕೆ ಅವರು ಹೊರಗಿನ ಬಿಸಿಲನ್ನೇ ಕನ್ನಡಿಗಳಿಂದ ಸ್ಟುಡಿಯೋ ಒಳಗೆ ತಿರುಗಿಸಿ, ಕತ್ತಲಲ್ಲಿ ಒಂದು ದಪ್ಪ ಬೆಳಕಿನ ಕಂಬ ನಿಲ್ಲಿಸಿದ್ದರು. ಮುಂದೆ 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರಿಗೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. ನಮ್ಮ ಮುಂದೆಯೂ ಕನ್ನಡಿ ಇತ್ತು! ಟ್ರಯಲ್ ನೋಡೋ ಆ ಉದ್ದನೆಯ ಕನ್ನಡಿಯನ್ನು ಮೊಳೆಯಿಂದ ಇಳಿಸಿ, ಒಳಗಿನ ಗೋಡೆಗೆ ಒರಗಿಸಿ, ಬಾಗಿಲಿಂದ ಬಂದ ಬಿಸಿಲನ್ನು ಕಟಿಂಗ್ ಟೇಬಲ್ ಮೇಲೆ ಬೀಳುವ ಹಾಗೆ ಓರೆ ಮಾಡಿದೆವು. ನೇರ ಹೊಡೆತ ಜಾಸ್ತಿ ಅನಿಸಿತು. ನಡುವೆ ಒಂದು ಬಿಳಿ ಲೈನಿಂಗ್ ಬಟ್ಟೆ ಹಿಡಿದೆವು. ಸೀಮೆಸುಣ್ಣದ ಪುಡಿ, ಬೆರಳಿನ ಚರ್ಮದ ಗೆರೆ, ಸೂಜಿಯ ಕಣ್ಣು, ಎಲ್ಲ ತೆರೆದುಕೊಂಡಿತು. ಆ ಫ್ರೇಮ್ ನೋಡಿದಾಗ ನಮಗೆಲ್ಲ ಆದ ಖುಷಿ ಹೇಳತೀರದು.

ಕನ್ನಡಿ ಕೆಲಸಕ್ಕೆ ಒಬ್ಬರು ಬೇಕೇ ಬೇಕು. ಸೂರ್ಯ ಆಕಾಶದಲ್ಲಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಮೂರು ಮೀಟರ್ ದೂರದಲ್ಲಿ ಬಿದ್ದ ಬೆಳಕು ಅಷ್ಟರಲ್ಲಿ ಸುಮಾರು ಐದು ಸೆಂಟಿಮೀಟರ್ ಜರುಗಿರುತ್ತೆ. ಕ್ಲೋಸಪ್‌ನಲ್ಲಿ ಅದು ದೊಡ್ಡ ವ್ಯತ್ಯಾಸ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟೋದೇ ಆರೂಮುಕ್ಕಾಲರ ಸುಮಾರಿಗೆ. ಎದುರಿನ ಮನೆ ದಾಟಿ ಬಿಸಿಲು ಒಳಗೆ ಬರೋಕೆ ಇನ್ನಷ್ಟು ಹೊತ್ತು, ಮೇಲೇರಿದ ಮೇಲೆ ಮತ್ತೆ ಹೊಸ್ತಿಲ ಹೊರಗೇ ನಿಂತುಬಿಡುತ್ತೆ. ಹಾಗಾಗಿ ಕಥೆಯ ಕ್ರಮ ಬಿಟ್ಟು ಬಿಸಿಲಿನ ಕ್ರಮದಲ್ಲಿ ಶೂಟ್ ಮಾಡಿದೆವು. ಬಾಗಿಲಿನ ಶಾಟ್ ಮೊದಲು, ಕೈಗಳ ಕ್ಲೋಸಪ್ ಆಮೇಲೆ, ಅಟ್ಟದ್ದು ಕೊನೆಗೆ. ಪ್ರತಿ ಶಾಟ್‌ಗೂ ಮುಂಚೆ ಟೇಬಲ್‌ನ ಒಂದು ಫೋಟೋ ತೆಗೆದಿಟ್ಟೆವು. ಕತ್ತರಿಯ ಬಾಯಿ ಯಾವ ಕಡೆಗಿತ್ತು, ಲೋಟದಲ್ಲಿ ಟೀ ಎಷ್ಟಿತ್ತು ಅಂತ ನೆನಪಿನಲ್ಲಿ ಇಟ್ಟುಕೊಳ್ಳೋಕೆ ಆಗಲ್ಲ.

ಅಟ್ಟದ ಶಾಟ್‌ಗೆ ಟ್ಯೂಬ್‌ಲೈಟ್ ಹಾಕಲೇಬೇಕಿತ್ತು. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಹಳೇ ಚೋಕ್ ಇರೋ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತೆ, ಕಣ್ಣಿಗೆ ಕಾಣಲ್ಲ, ಕ್ಯಾಮೆರಾಕ್ಕೆ ಕಾಣುತ್ತೆ. ನಾವು ಶೂಟ್ ಮಾಡುತ್ತಿದ್ದದ್ದು ಮೊಬೈಲ್‌ನಲ್ಲಿ. ಅದು ತಾನಾಗೇ ಇಟ್ಟುಕೊಳ್ಳೋ ಸೆಕೆಂಡಿಗೆ 30 ಫ್ರೇಮ್‌ನಲ್ಲಿ ಕ್ಯಾಮೆರಾದ ಶಟರ್ ಸೆಕೆಂಡಿನ 60ರಲ್ಲಿ ಒಂದು ಭಾಗ ತೆರೆದಿದ್ದರೆ ಪರದೆ ಮೇಲೆ ಪಟ್ಟಿಗಳು ಹರಿಯುತ್ತವೆ. ಮ್ಯಾನುಯಲ್ ಕ್ಯಾಮೆರಾ ಆ್ಯಪ್ ಹಾಕಿಕೊಂಡು ಸೆಕೆಂಡಿಗೆ 25 ಫ್ರೇಮ್, ಶಟರ್ ಸೆಕೆಂಡಿನ 50ರಲ್ಲಿ ಒಂದು ಭಾಗ ಇಟ್ಟೆವು. ಬಣ್ಣದ ಛಾಯೆ ಬದಲಾಗದ ಹಾಗೆ ವೈಟ್ ಬ್ಯಾಲೆನ್ಸ್ ಕೂಡ ಲಾಕ್. ಇಷ್ಟು ಮಾಡಿದರೆ ಮೊಬೈಲ್ ಸಾಕು.

ಟೈಲರ್ ಪಾತ್ರ ಮಾಡಿದ ಅಂಕಲ್‌ಗೆ ನಟನೆ ಹೊಸದು. "ಏನ್ ಮಾಡ್ಲಿ ಹೇಳಮ್ಮ" ಅಂತ ಕೇಳುತ್ತಲೇ ಇದ್ದರು. "ಏನೂ ಮಾಡ್ಬೇಡಿ ಅಂಕಲ್, ಆ ಕಾಜಾ ಮುಗಿಸಿಬಿಡಿ" ಅಂದೆ. ನಿಜವಾದ ಕೆಲಸ ಕೈಗೆ ಸಿಕ್ಕ ಕೂಡಲೇ ಅವರು ಕ್ಯಾಮೆರಾ ಮರೆತರು. ಬಿಲ್ ನೋಡಿ ತಲೆ ಎತ್ತೋ ಶಾಟ್‌ಗೂ ಅಷ್ಟೇ, ದುಃಖ ತೋರಿಸಿ ಅಂತ ಹೇಳಲಿಲ್ಲ. ಆ ಚಿಕ್ಕ ಅಕ್ಷರ ನಿಜವಾಗಿ ಓದಿ ಅಂದೆ.

ಸೌಂಡಿಗೆ ನಾವು ಕೊಟ್ಟ ಸಮಯ ಬಹಳ, ಅದು ಸಾರ್ಥಕವೂ ಆಯಿತು. ಎಸ್.ಪಿ. ರೋಡಿನಲ್ಲಿ ಕೊಂಡ ಕಾಲರ್ ಮೈಕನ್ನು ಇನ್ನೊಂದು ಫೋನಿಗೆ ಸಿಕ್ಕಿಸಿ ಬೇರೆಯಾಗಿ ರೆಕಾರ್ಡ್ ಮಾಡಿದೆವು, ಶಾಟ್ ಶುರುವಲ್ಲಿ ಒಂದು ಚಪ್ಪಾಳೆ ಹೊಡೆದರೆ ಎಡಿಟಿಂಗ್‌ನಲ್ಲಿ ಕೂಡಿಸೋದು ಸುಲಭ. ಅಂಗಡಿಯ ಶಟರ್ ಸದ್ದನ್ನು ಹತ್ತಿರದಿಂದ ಹಿಡಿದರೆ ಒಡೆಯುತ್ತೆ, ರಸ್ತೆಯ ಆ ಕಡೆ ನಿಂತು ಲೆವೆಲ್ ಇಳಿಸಿ ಹಿಡಿಯಬೇಕು. ಭಾನುವಾರ ಬೆಳಿಗ್ಗೆ ಗಾಡಿ ಕಡಿಮೆ, ಆದರೆ ಸೊಪ್ಪಿನವರ ಕೂಗು ಬಂದೇ ಬರುತ್ತೆ. ಅದನ್ನು ಉಳಿಸಿಕೊಂಡೆವು. ಎಲ್ಲ ಮುಗಿದ ಮೇಲೆ ಫ್ಯಾನ್ ಆರಿಸಿ, ಯಾರೂ ಉಸಿರೆತ್ತದೆ ನಿಂತು, ಖಾಲಿ ಅಂಗಡಿಯ ಸದ್ದನ್ನೂ ಒಂದು ನಿಮಿಷ ರೆಕಾರ್ಡ್ ಮಾಡಿದೆವು. ಕತ್ತರಿಸಿದ ಶಾಟ್‌ಗಳ ನಡುವಿನ ತೂತು ಮುಚ್ಚೋದು ಅದೇ.

ಎಡಿಟಿಂಗ್‌ನಲ್ಲಿ ಮೊದಲು ಬರೀ ಕತ್ತಲು, ಬೀಗದ ಸದ್ದು. ಆಮೇಲೆ ಶಟರ್ ಏರುತ್ತಿದ್ದ ಹಾಗೆ ಕೆಳಗಿನಿಂದ ಬೆಳಕು ತೆರೆಯುತ್ತೆ. ಹೆಸರುಗಳನ್ನು ಟೈಪ್ ಮಾಡಿದಾಗ ನಮ್ಮ ಎಡಿಟಿಂಗ್ ಆ್ಯಪ್ ಒತ್ತಕ್ಷರ ಬಿಡಿಸಿ ಪಕ್ಕಕ್ಕೆ ಇಡುತ್ತಿತ್ತು. ಕನ್ನಡದ ಹೆಸರು ಮುರಿದು ಕಾಣೋದು ನನಗೆ ಸಹಿಸೋಕೆ ಆಗಲ್ಲ. ಕಪ್ಪು ಬಟ್ಟೆ ಮೇಲೆ ಮಾರ್ಕಿಂಗ್ ಚಾಕ್‌ನಲ್ಲಿ ಕೈಯಲ್ಲೇ ಬರೆದು ಶೂಟ್ ಮಾಡಿದೆವು. ಯಾವ ಫಾಂಟಿಗಿಂತಲೂ ಅದು ಚೆನ್ನಾಗಿ ಒಪ್ಪಿತು.

ಕೊನೆಯ ಪರೀಕ್ಷೆ ಕಥೆ ಗೊತ್ತಿಲ್ಲದವರದ್ದು. ಅಕ್ಕಪಕ್ಕದ ಮನೆಯವರಿಗೆ, ಹಾಸ್ಟೆಲ್ ಗೆಳೆಯರಿಗೆ ತೋರಿಸಿ "ಏನು ತಿಳ್ಕೊಬೇಕು ಅನಿಸ್ತಿದೆ?" ಅಂತ ಮಾತ್ರ ಕೇಳಿದೆವು. ಹೇಗಿದೆ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂದುಬಿಡುತ್ತಾರೆ. ಆಗಿನ ಕಟ್‌ನಲ್ಲಿ, ಅಂದರೆ ಅಲ್ಲಿಯವರೆಗೆ ಎಡಿಟ್ ಮಾಡಿದ್ದರಲ್ಲಿ, ಟೈಲರ್ "ಯಾರು ನೀವು?" ಅಂತ ಕೇಳುತ್ತಿದ್ದರು. ಆ ಕಟ್ ನೋಡಿದವರು ಅಂಗಿಯ ಯಜಮಾನ ತೀರಿಕೊಂಡಿರಬೇಕು, ಇವರು ಮಕ್ಕಳಿರಬೇಕು ಅಂತ ಆಗಲೇ ಉತ್ತರ ಹೇಳುತ್ತಿದ್ದರು. ಪಾತ್ರವೇ ಪ್ರಶ್ನೆ ಕೇಳಿಬಿಟ್ಟರೆ ನೋಡುವವರು ಅದನ್ನು ಕೇಳಿಕೊಳ್ಳೋದಿಲ್ಲ, ಸೀದಾ ಉತ್ತರಕ್ಕೆ ಹೋಗುತ್ತಾರೆ. ಆ ಮಾತು ತೆಗೆದೆವು. ಆಮೇಲೆ ಟೈಲರ್ ಮುಖದ ಉದ್ದನೆಯ ಶಾಟನ್ನೂ ಅರ್ಧಕ್ಕೆ ಇಳಿಸಿದೆವು, ಅದರಲ್ಲಿ ನೋವು ಬೇಗ ಬಂದುಬಿಡುತ್ತಿತ್ತು. ಮುಂದಿನ ಸಲ ತೋರಿಸಿದಾಗ ಬಹಳ ಜನ ಕೇಳಿದ್ದು ಒಂದೇ: "ಬಂದಿದ್ದು ಯಾರು?" ಇನ್ನು ಶಾಟ್‌ಗಳನ್ನು ಮುಟ್ಟಬಾರದು ಅಂತ ಎಡಿಟ್ ಲಾಕ್ ಮಾಡಿದೆವು. ಸೌಂಡ್ ಲೆವೆಲ್ ಮತ್ತು ಬಣ್ಣ ಸರಿಮಾಡೋ ಕೆಲಸ ಅದಾದ ಮೇಲೆಯೇ ಶುರು ಮಾಡಿದ್ದು.